ಅನುವಿನ ಚಿತ್ರಗಳಿಗೊಂದು ಜಾಗ

ಏಪ್ರಿಲ್ 22, ಮಂಗಳವಾರ

ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಅನು ಫೋನ್ ತಂದು ನನ್ನ ಕೈಗೆ ತುರುಕಿದಳು. ನೋಡಿದರೆ ಅದರಲ್ಲಿ ಅವಳು ಒತ್ತಿ ಮಾತಾಡುವ ಹಲಗೆಯಲ್ಲಿ ಒಂದು ಚಿತ್ರವೂ ಇಲ್ಲ. ಸಾಲುಸಾಲಾಗಿ ಬೂದು ಚೌಕಗಳು, ಪ್ರತಿಯೊಂದರ ಮೂಲೆಯಲ್ಲೂ ಹರಿದ ಕಾಗದದಂಥ ಒಂದು ಗುರುತು. ಒತ್ತಿದರೆ ನನ್ನ ದನಿ ಮಾತ್ರ ಬರುತ್ತದೆ. ‘ನೀರು.’ ‘ಚಪ್ಪಲಿ.’ ‘ಅಜ್ಜಿ ಮನೆ.’ ಯಾವ ಚೌಕ ಏನು ಹೇಳುತ್ತದೆಂದು ಮಾಡಿದ ನನಗೇ ನೆನಪಿಲ್ಲ.

ಫೋನ್ ಆರಿಸಿ ಹಾಕಿದೆ. ನೆಟ್ ತೆಗೆದು ಹಾಕಿದೆ. ಪಕ್ಕದ ಮನೆಯವರ ಫೋನಿನಲ್ಲಿ ತೆರೆದು ನೋಡಿದೆ. ಅಲ್ಲೂ ಬೂದು. ಅಷ್ಟರಲ್ಲಿ ಅನು ಕಿರುಚಲು ಶುರುಮಾಡಿದ್ದಳು. ದೋಸೆ ಬೇಕೋ, ಬೇಡವೋ, ಹೊಟ್ಟೆ ನೋವೋ, ಏನೂ ಗೊತ್ತಾಗಲಿಲ್ಲ. ಕೊನೆಗೆ ಅವಳು ಸುಸ್ತಾಗಿ ಬಾಗಿಲ ಹಿಂದೆ ಕೂತಳು. ನಾನು ಒಲೆಯ ಮುಂದೆ ಕೂತೆ.

ಎರಡು ವರ್ಷದ ಕೆಲಸ ಅದು. ಈಗ ಒಂಬತ್ತಾಗಿರುವ ಮಗಳ ಬಾಯಿಂದ ಏಳು ತುಂಬಿದರೂ ಒಂದು ಮಾತೂ ಬಾರದಿದ್ದಾಗ, ಬಂಗಾರಪೇಟೆಯ ಮಾತಿನ ತರಬೇತಿ ಕೇಂದ್ರದ ಸಹನ ಮೇಡಂ ತೋರಿಸಿಕೊಟ್ಟ ದಾರಿ. ಮನೆಯ ಒಂದೊಂದು ವಸ್ತುವಿನ ಫೋಟೊ ತೆಗೆದು, ಅದಕ್ಕೆ ನನ್ನ ದನಿ ಸೇರಿಸಿ, ಒಂದು ಪುಟದಲ್ಲಿ ಜೋಡಿಸುವುದು. ಅನು ಚಿತ್ರ ಒತ್ತುತ್ತಾಳೆ, ಫೋನ್ ಮಾತಾಡುತ್ತದೆ. ಬೇರೆ ಯಾರದೋ ಲೋಟದ ಚಿತ್ರ ಅವಳಿಗೆ ಆಗದು. ನಮ್ಮ ಮನೆಯ, ಅಂಚು ನೆಗ್ಗಿದ ಸ್ಟೀಲ್ ಲೋಟವೇ ಆಗಬೇಕು.

ಮುಂದಿನ ತಿಂಗಳು ಇಪ್ಪತ್ತಾರಕ್ಕೆ ಶಾಲೆಯಲ್ಲಿ ಅನುವನ್ನು ನೋಡುತ್ತಾರೆ. ಬೇಕಾದ್ದನ್ನು ಹೇಗಾದರೂ ತಿಳಿಸುವ ಮಗುವಾದರೆ ಸೇರಿಸಿಕೊಳ್ಳುತ್ತೇವೆ ಎಂದು ಹೆಡ್‌ಮಿಸ್ಟ್ರೆಸ್ ಒಪ್ಪಿದ್ದಾರೆ. ಇದಕ್ಕೂ ಮೊದಲು ಕೇಳಿದ ಶಾಲೆಗಳು ಅಷ್ಟನ್ನೂ ಒಪ್ಪಿರಲಿಲ್ಲ.

ನಮ್ಮವರು ಮಂಜೇಶ್ ಕಾರ್ಖಾನೆಯಿಂದ ಬರಲಿ, ಏನಾದರೂ ಮಾಡುತ್ತಾರೆ. ನನಗೆ ಇದೆಲ್ಲ ತಿಳಿಯದು.

ಏಪ್ರಿಲ್ 23, ಬುಧವಾರ

ಮಂಜೇಶ್‌ಗೂ ತಿಳಿಯಲಿಲ್ಲ. ಇವತ್ತು ಅನುವನ್ನು ಕರೆದುಕೊಂಡು ಉರಿಗಾಂನಿಂದ ರೈಲಿನಲ್ಲಿ ಬಂಗಾರಪೇಟೆಗೆ ಹೋದೆ. ಸಹನ ಮೇಡಂ ನನ್ನ ಇಮೇಲ್ ತೆರೆಸಿದರು. ನಾನು ಎಂದೂ ತೆರೆಯದ ಡಬ್ಬಿ ಅದು. ಜಾಹೀರಾತುಗಳ ನಡುವೆ ಚಿತ್ರದ ಕಂಪನಿಯವರ ಎಚ್ಚರಿಕೆಗಳು ಕೂತಿದ್ದವು. ಎಲ್ಲ ಇಂಗ್ಲಿಷ್.

ವಿಷಯ ಇಷ್ಟು. ಅನುವಿನ ಪುಟ ಇರುವುದು ಒಂದು ಕಡೆ. ಅಲ್ಲಿ ದನಿಗಳಿಗೆ ಮಾತ್ರ ಜಾಗ ಸಾಕಾಗಿತ್ತು. ಚಿತ್ರಗಳನ್ನು ಬಿಟ್ಟಿಯಾಗಿ ಜಾಗ ಕೊಡುವ ಇನ್ನೊಂದು ಕಂಪನಿಯಲ್ಲಿಟ್ಟು, ಅಲ್ಲಿಂದ ಪುಟಕ್ಕೆ ಬರುವಂತೆ ಮಾಡಿದ್ದೆವು. ಖಾತೆಯವರು ಬಹುಕಾಲ ಒಳಗೆ ಬಂದು ಹೋಗದಿದ್ದರೆ ಚಿತ್ರ ಅಳಿಸುತ್ತೇವೆ ಎಂಬುದು ಆ ಕಂಪನಿಯ ಹೊಸ ನಿಯಮ. ಅನು ದಿನವೂ ಬೆಳಗಿನಿಂದ ಸಂಜೆವರೆಗೆ ಆ ಚಿತ್ರಗಳನ್ನು ನೋಡುತ್ತಿದ್ದಳಲ್ಲ ಎಂದೆ. ನೋಡುವುದು ಲೆಕ್ಕಕ್ಕಿಲ್ಲವಂತೆ, ಪಾಸ್‌ವರ್ಡ್ ಹಾಕಿ ಒಳಗೆ ಹೋಗಬೇಕಿತ್ತಂತೆ. ಅಳಿಸಿದ್ದು ಹಿಂದೆ ಬರುವುದಿಲ್ಲ. ಆ ಫೋಟೊಗಳಿದ್ದ ಹಳೆಯ ಫೋನನ್ನು ನಾವು ಅಂಗಡಿಗೆ ಕೊಟ್ಟು ಹೊಸದು ತಂದಿದ್ದೇವೆ.

ಒಳ್ಳೆಯ ಜಾಗ ಯಾವುದೆಂದು ನೀವೇ ಹೇಳಿಬಿಡಿ, ಅಲ್ಲಿ ಇಡುತ್ತೇನೆ ಎಂದೆ. ಸಹನ ಮೇಡಂ ಫೋನನ್ನು ನನ್ನ ಕೈಗೇ ವಾಪಸ್ ಇಟ್ಟರು.

“ಹೋದ್ಸಲ ನಾನು ಆರಿಸಿದ್ದೇ ಹೀಗಾಯ್ತು, ಶ್ಯಾಮಲ ಅವರೇ. ಈ ಸಲ ನೀವೇ ಹುಡುಕಿ. ನಾನು ಜೊತೆಗಿರ್ತೀನಿ.”

ಮೈಯೆಲ್ಲ ಉರಿಯಿತು. ಕೈತೊಳೆದುಕೊಂಡರು ಅನ್ನಿಸಿತು. ಹೊರಡುವಾಗ ಇನ್ನೊಂದು ಮಾತು ಹೇಳಿದರು: ಹೊಸ ಹಲಗೆಯಲ್ಲಿ ‘ಬೇಡ’ ಎಂಬುದಕ್ಕೂ ಒಂದು ಚೌಕ ಇರಲಿ. ‘ಬೇಡ’ವನ್ನು ಅನು ಕಿರುಚಿ, ಉರುಳಾಡಿ, ಊರಿಗೆಲ್ಲ ಕೇಳುವಂತೆ ಹೇಳುತ್ತಾಳೆ. ಅದಕ್ಕೂ ಚೌಕ ಬೇಕೆ?

ಏಪ್ರಿಲ್ 26, ಶನಿವಾರ

“ಪ್ರಿಂಟ್ ತಗಸೂಣು. ಹಾಳಿಗೆ ನೆಟ್ ಬೇಕಾಗೂದಿಲ್ಲ” ಎಂದು ಮಂಜೇಶ್ ತಮ್ಮ ಫೋನಿನಲ್ಲಿ ಉಳಿದಿದ್ದ ಒಂದಷ್ಟು ಚಿತ್ರಗಳನ್ನು ಅಂಗಡಿಯಲ್ಲಿ ಮುದ್ರಿಸಿ, ಪ್ಲಾಸ್ಟಿಕ್ ಹಾಕಿಸಿ ತಂದರು. ಹಾವೇರಿ ಕಡೆಯವರು, ಮನಸ್ಸಿಗೆ ಬಂದದ್ದನ್ನು ಅದೇ ದಿನ ಮಾಡಿ ಮುಗಿಸಬೇಕು. ಅನು ಲೋಟದ ಚಿತ್ರ ಒತ್ತಿದಳು. ಕಿವಿಗೆ ಹಿಡಿದಳು. ಮತ್ತೆ ಒತ್ತಿದಳು. ಆಮೇಲೆ ಎಲ್ಲವನ್ನೂ ವರಾಂಡದಲ್ಲಿ ಒಂದೇ ಸಾಲಿನಲ್ಲಿ ಕವುಚಿ ಹಾಕಿ ಎದ್ದು ಹೋದಳು.

ಮಂಜೇಶ್ ಒಂದೊಂದನ್ನೇ ಆರಿಸಿಕೊಂಡರು.

ಏಪ್ರಿಲ್ 29, ಮಂಗಳವಾರ

ಇವತ್ತಿನದನ್ನು ಬರೆದಿಡಲೇಬೇಕು.

ಮಧ್ಯಾಹ್ನ ಅನ್ನ ಬಡಿಸುತ್ತಿದ್ದೆ. ಅನು ಆ ಬೂದು ಹಲಗೆಯನ್ನೇ ಹಿಡಿದು ಕೂತಿದ್ದಳು. ಬೆರಳು ಚೌಕಗಳ ಮೇಲೆ ಸವರಿಕೊಂಡು ಹೋಗಿ ಒಂದು ಕಡೆ ನಿಂತಿತು. ‘ಮೊಸರು.’ ಹಾಕಿದೆ. ಬೆರಳು ಕೆಳಗಿನ ಸಾಲಿಗೆ ಇಳಿಯಿತು. ‘ಉಪ್ಪಿನಕಾಯಿ.’ ಸುಮ್ಮನೆ ಒತ್ತಿರಬೇಕು ಎಂದುಕೊಂಡು ಹಾಕಲಿಲ್ಲ. ಅವಳು ನನ್ನ ಮುಖ ನೋಡಿ ಅದೇ ಚೌಕವನ್ನು ಮತ್ತೆ ಒತ್ತಿದಳು. ಹಾಕಿದೆ. ತಿಂದಳು.

ಚಿತ್ರವಿಲ್ಲದೆಯೂ ಅವಳಿಗೆ ಗೊತ್ತಿದೆ. ಯಾವ ಮಾತು ಎಲ್ಲಿದೆಯೆಂದು ಮೊದಲ ಪುಟವಷ್ಟೂ ಬಾಯಿಪಾಠ. ಅವಳು ಚಿತ್ರ ನೋಡಿ ಒತ್ತುತ್ತಾಳೆ, ಅಷ್ಟೇ ಎಂದು ನಾನು ಅಂದುಕೊಂಡಿದ್ದೆ. ಎರಡನೆಯ ಪುಟಕ್ಕೆ ಹೋದಾಗ ದಾರಿ ತಪ್ಪಿತು. ಅತ್ತಳು. ಆದರೆ ಮೊದಲಿನ ಹಾಗೆ ಉರುಳಾಡಿ ಅಲ್ಲ, ಕಳೆದುಕೊಂಡದ್ದನ್ನು ಹುಡುಕುವವರು ಅಳುವ ಹಾಗೆ.

ಇನ್ನೂ ಏನೇನು ಗೊತ್ತಿದೆಯೋ ಇವಳಿಗೆ, ನನಗೆ ಗೊತ್ತಿಲ್ಲದ್ದು.

ಹೊಸ ಹಲಗೆಯಲ್ಲಿ ಚೌಕಗಳ ಜಾಗ ಬದಲಿಸಬಾರದು. ಹುಡುಕಲು ನಾಳೆಯಿಂದಲೇ ಕೂರುತ್ತೇನೆ.

ಮೇ 4, ಭಾನುವಾರ

ನಾಲ್ಕು ದಿನದಿಂದ ತಲೆ ತಿರುಗುತ್ತಿದೆ. ಚಿತ್ರ ಇಡಲು ಜಾಗ ಕೊಡುತ್ತೇವೆ ಎನ್ನುವವರು ಸಂತೆಯಲ್ಲಿ ಕೂಗುವವರಿಗಿಂತ ಹೆಚ್ಚು. ಎಲ್ಲರೂ ಹೇಳುವುದು ಒಂದೇ: ಬಿಟ್ಟಿ, ಶಾಶ್ವತ.

ಮೊದಲು ಫೋನಿನ ಜೊತೆಗೇ ಬರುವ ಆಲ್ಬಂ ನೋಡಿದೆ. ಫೋಟೊ ಸುರಕ್ಷಿತವಾಗಿರುತ್ತದೆ, ನಿಜ. ಆದರೆ ಅಲ್ಲಿಂದ ತೆಗೆದ ಕೊಂಡಿಯನ್ನು ಪುಟದಲ್ಲಿ ಹಾಕಿದರೆ ಮರುದಿನಕ್ಕೆ ಚಿತ್ರ ಮಾಯ. ನಮ್ಮ ಫೋಟೊ ನಾವು ನೋಡಲು ಇರುವ ಪೆಟ್ಟಿಗೆ ಅದು, ಬೇರೆ ಪುಟಕ್ಕೆ ಕಳಿಸಲು ಅಲ್ಲ. ಎಲ್ಲರೂ ಫೋಟೊ ಹಾಕುವ ಜಾಲತಾಣದಲ್ಲಿ ಹಾಕು ಎಂದಳು ಪಕ್ಕದ ಮನೆಯಾಕೆ. ಅನು ಸ್ನಾನಕ್ಕೆ ಹೋಗುವ ಬಚ್ಚಲು, ಮಲಗುವ ಚಾಪೆ, ಇವೆಲ್ಲ ಊರವರು ನೋಡಿ ಹೆಬ್ಬೆಟ್ಟು ಒತ್ತಲೆಂದು ಇಡುವುದೇ? ಬಿಟ್ಟೆ.

ಇನ್ನೊಂದು ಬಿಟ್ಟಿ ಜಾಗ ಚೆನ್ನಾಗಿ ಕಂಡಿತು. ಹತ್ತು ಚಿತ್ರ ಹಾಕಿಯೂ ನೋಡಿದೆ. ಸಂಜೆ ಮಂಜೇಶ್ ತೆರೆದಾಗ ಲೋಟದ ಚಿತ್ರದ ಪಕ್ಕದಲ್ಲಿ ಒಂದು ಹೊಲಸು ಜಾಹೀರಾತು ಕುಣಿಯುತ್ತಿತ್ತು. ಅನು ಅದರ ಮೇಲೆ ಬೆರಳಿಡಲು ಹೋದಳು. ಫೋನನ್ನು ಅವಳ ಕೈಯಿಂದ ಕಿತ್ತುಕೊಂಡೆ. ಅವಳಿಗೇನು ಗೊತ್ತು, ಅತ್ತಳು. ಕಿತ್ತುಕೊಂಡದ್ದಕ್ಕೆ ನನಗೂ ಅಳು ಬಂತು.

ಮಂಜೇಶ್ ಜೊತೆ ಕೆಲಸ ಮಾಡುವವರೊಬ್ಬರು ತಮ್ಮ ಮನೆಯ ಕಂಪ್ಯೂಟರಿನಲ್ಲೇ ಇಟ್ಟುಕೊಡುತ್ತೇನೆ ಎಂದರಂತೆ. ಒಳ್ಳೆಯ ಮನಸ್ಸು. ಆದರೆ ಅವರ ಬೀದಿಯಲ್ಲಿ ಕರೆಂಟು ಹೋದರೆ ನನ್ನ ಮಗಳ ಮಾತೂ ಹೋಗುತ್ತದೆ. ಹಾಗೆಂದು ಮಂಜೇಶ್‌ಗೆ ಹೇಳಿದೆ. ಅವರು ನಕ್ಕು, ಅದನ್ನು ಆ ಸ್ನೇಹಿತರಿಗೆ ಹೇಗೆ ಹೇಳುವುದೆಂದು ನನ್ನನ್ನೇ ಕೇಳಿದರು.

ಮೇ 8, ಗುರುವಾರ

ಹಣ ಕಟ್ಟಿಸಿಕೊಳ್ಳುವ ಕಂಪನಿಗಳನ್ನೂ ನೋಡಿದೆ. ಅವರ ಪುಟಗಳಲ್ಲೂ ಬರೀ ಹೊಗಳಿಕೆ. ಓದುವುದನ್ನು ನಿಲ್ಲಿಸಿ ಪ್ರಶ್ನೆ ಕೇಳೋಣ ಎನಿಸಿತು. ಕನ್ನಡದಲ್ಲಿ ಬರೆದು, ಫೋನಿನಿಂದ ಇಂಗ್ಲಿಷ್ ಮಾಡಿಸಿ, ಸಹನ ಮೇಡಂ ತಿದ್ದಿದ ಮೇಲೆ ಎಲ್ಲರಿಗೂ ಕಳಿಸಿದೆ. ನನ್ನ ಮಗಳು ಅನು ಚಿತ್ರಗಳ ಮೂಲಕ ಮಾತಾಡುತ್ತಾಳೆ. ನಾನು ಖಾತೆಗೆ ಬಾರದಿದ್ದರೆ ಅಳಿಸುತ್ತೀರಾ? ಬೇರೆ ಪುಟದಲ್ಲಿ ತೋರಿಸಲು ಬಿಡುತ್ತೀರಾ? ಬಿಟ್ಟು ಹೋಗಬೇಕೆಂದರೆ ಎಲ್ಲವನ್ನೂ ಒಟ್ಟಿಗೆ ಕೊಡುತ್ತೀರಾ? ನೀವೇ ಮುಚ್ಚಿಕೊಂಡು ಹೋದರೆ?

ಕೆಲವರ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು, ಯಂತ್ರದ್ದು. ಕೆಲವರದು ಬರಲೇ ಇಲ್ಲ. ಒಬ್ಬರದು ಇವತ್ತು ಬಂತು. ಮನುಷ್ಯರೇ ಬರೆದದ್ದೆಂದು ತಿಳಿಯುತ್ತಿತ್ತು, ಅನುವಿನ ಹೆಸರು ಬರೆದಿದ್ದರು. ಹಣ ಕಟ್ಟಿದಷ್ಟು ಕಾಲ ಅಳಿಸುವುದಿಲ್ಲ, ನಿಲ್ಲಿಸುವುದಾದರೆ ಮೊದಲೇ ತಿಳಿಸಿ ಎಲ್ಲ ಚಿತ್ರಗಳನ್ನು ಒಂದೇ ಗಂಟಿನಲ್ಲಿ ಇಳಿಸಿಕೊಳ್ಳಲು ಕಾಲ ಕೊಡುತ್ತೇವೆ ಎಂದಿದ್ದರು. ಕೊನೆಯಲ್ಲಿ ಹೀಗೆ ಬರೆದಿದ್ದರು: ಎಂದೂ ಕೆಡುವುದಿಲ್ಲ ಎಂದು ನಾವು ಮಾತು ಕೊಡಲಾರೆವು, ಯಾರೂ ಕೊಡಲಾರರು. ಅನು ಮಾತಾಡುವುದು ಈ ಚಿತ್ರಗಳಿಂದಲೇ ಆದರೆ ನಮ್ಮೊಬ್ಬರನ್ನೇ ನಂಬಬೇಡಿ, ಇನ್ನೊಂದು ಕಡೆಯೂ ಒಂದು ಪ್ರತಿ ಇಡಿ.

ತಮ್ಮ ಅಂಗಡಿಯ ಸರಕು ಕೆಡಬಹುದೆಂದು ತಾವೇ ಹೇಳಿದವರು ಇವರೊಬ್ಬರೇ. ಇವರೇ ಆಗಲಿ.

ಮೇ 11, ಭಾನುವಾರ, ಕ್ಯಾಸಂಬಳ್ಳಿ

ಜಾಗ ಸಿಕ್ಕಿತು, ಈಗ ಇಡಲು ಚಿತ್ರ ಬೇಕು. ಮಂಜೇಶ್‌ರ ಫೋನಿನಲ್ಲಿ, ಸಹನ ಮೇಡಂ ಬಳಿ ಅಲ್ಲೊಂದು ಇಲ್ಲೊಂದು ಉಳಿದಿದ್ದವು. ಉಳಿದದ್ದೆಲ್ಲ ಹೊಸದಾಗಿ ತೆಗೆಯಬೇಕು. ಅಮ್ಮನ ಮನೆಯದನ್ನು ತೆಗೆಯಲು ಇಲ್ಲಿಗೆ ಬಂದೆವು.

ಅಮ್ಮ ಡೇರಿಗೆ ಹಾಲು ಹಾಕಿ ಬಂದು, ಮುಖ ತೊಳೆದು, ಮದುವೆಗೆ ಉಡುವ ಸೀರೆ ಉಟ್ಟು ನಿಂತಳು. ಫೋಟೊ ತೆಗೆದು ತೋರಿಸಿದರೆ ಅನು ಫೋನನ್ನು ತಳ್ಳಿಬಿಟ್ಟಳು. ಹಳೆಯ ಚಿತ್ರದಲ್ಲಿ ಅಜ್ಜಿ ಉಟ್ಟಿದ್ದು ಬಣ್ಣಗೆಟ್ಟ ಹಸಿರು ಸೀರೆ. ಅದೇ ಆಗಬೇಕು.

“ಆ ಅಳೇ ಸೀರೇಲಾ? ನಾಕ್ ಜನ ನೋಡೋ ಪಟ ಕಣೇ ಅದು” ಎಂದಳು ಅಮ್ಮ. ನಾಲ್ಕು ಜನ ನೋಡುವುದಿಲ್ಲ, ಅನು ಮತ್ತು ಅನು ಜೊತೆ ಮಾತಾಡುವವರು ಮಾತ್ರ ನೋಡುವುದು ಎಂದೆ. ಅಮ್ಮ ಗೊಣಗುತ್ತಾ ಹಸಿರು ಸೀರೆ ಹುಡುಕಿದಳು. ಅದು ಕೊಟ್ಟಿಗೆಯಲ್ಲಿ ಒರೆಸುವ ಬಟ್ಟೆಯಾಗಿ ಹೋಗಿತ್ತು. ಅರ್ಧ ಸೀರೆಯನ್ನೇ ತೊಳೆದು, ಒಣಗಿಸಿ, ಹೆಗಲ ಮೇಲೆ ಹಾಕಿಕೊಂಡು ನಿಂತಳು. ಅನು ಚಿತ್ರ ನೋಡಿ ಅಮ್ಮನ ಕೆನ್ನೆ ಮುಟ್ಟಿದಳು. ಅಮ್ಮ ಆಮೇಲೆ ಇಡೀ ಮಧ್ಯಾಹ್ನ ಆ ಒರೆಸುವ ಬಟ್ಟೆಯನ್ನು ಹೆಗಲಿಂದ ತೆಗೆಯಲಿಲ್ಲ.

ಸಂಜೆ ಹಸುವಿನ ಫೋಟೊ ತೆಗೆಯುತ್ತಿದ್ದಾಗ ಅನು ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. ಹಿಂದೆ ತೆಗೆದುಕೊಂಡಿದ್ದರೆ ಬಿಡಿಸಿಕೊಳ್ಳುತ್ತಿದ್ದೆ. ಅವಳು ಒಳಗೆ ಹೊರಗೆ ತಿರುಗಿ ಏನೇನೋ ತೆಗೆದಳು. ಹಸುವಿನ ಮೂಗು, ನನ್ನ ಕಾಲು, ನಡುಮನೆಯ ಫ್ಯಾನು, ಕೊಡದ ಬಾಯಿ, ಮತ್ತೆ ಫ್ಯಾನು. ಫ್ಯಾನಿನವು ಅಲುಗಾಡಿ ಮಸುಕಾಗಿದ್ದವು, ಅಳಿಸಲು ಹೊರಟೆ. ಅವಳು ನನ್ನ ಬೆರಳು ಹಿಡಿದುಕೊಂಡಳು.

ಸರಿ, ಇರಲಿ. ಅವಳು ತೆಗೆದದ್ದನ್ನೆಲ್ಲ ಹಲಗೆಗೆ ಹಾಕುತ್ತೇನೆ.

ಮೇ 15, ಗುರುವಾರ

ಇವತ್ತು ಚಿತ್ರಗಳು ಹೊಸ ಮನೆ ಸೇರಿದವು. ವರ್ಷದ ಹಣ ಕಟ್ಟಿದೆ. ನಮ್ಮದೇ ಹೆಸರಿನ ವಿಳಾಸವೊಂದನ್ನೂ ಕೊಂಡೆವು, ‘ಅನುಮಾತು’ ಎಂದು. ಹಲಗೆಗೂ ಚಿತ್ರಗಳಿಗೂ ಅದೇ ವಿಳಾಸ. ನಾಳೆ ಈ ಕಂಪನಿ ಬಿಟ್ಟು ಬೇರೆಡೆಗೆ ಹೋದರೂ ವಿಳಾಸ ನಮ್ಮ ಜೊತೆಗೇ ಬರುತ್ತದೆ, ಹಲಗೆಯಲ್ಲಿ ಏನೂ ಬದಲಿಸಬೇಕಿಲ್ಲ. ಯಾರಿಗೂ ಸುಮ್ಮನೆ ಹುಡುಕಿದರೆ ಸಿಗದಂತೆ ಒಂದು ಗುಟ್ಟಿನ ಪದವನ್ನೂ ಇಟ್ಟಿದ್ದೇನೆ. ಎರಡನೆಯ ಪ್ರತಿ ಬೇರೊಂದು ಕಂಪನಿಯಲ್ಲಿ. ಮೊದಲಿನದು ಉತ್ತರ ಕೊಡದಿದ್ದರೆ ಪುಟ ತಾನೇ ಎರಡನೆಯದಕ್ಕೆ ಹೋಗಿ ಕೇಳುವಂತೆ ಮಾಡುವುದನ್ನು ಸಹನ ಮೇಡಂ ಹೇಳಿಕೊಟ್ಟರು. ಮೊದಲ ಸಲ ಹಾಕಿದ್ದು ತಪ್ಪಾಯಿತು, ಅಲ್ಪವಿರಾಮವೊಂದು ಬಿಟ್ಟುಹೋಗಿತ್ತು. ನಾನೇ ಕಂಡುಹಿಡಿದೆ. ಸಹನ ಮೇಡಂ ಹೇಳಿದ ‘ಬೇಡ’ವನ್ನೂ ಕೊನೆಯ ಚೌಕವಾಗಿ ಸೇರಿಸಿದೆ.

ಅನು ಹಲಗೆ ತೆರೆದಳು. ಮೊದಲ ಚೌಕದಲ್ಲಿ ನೆಗ್ಗಿದ ಲೋಟ. ಅದನ್ನು ಒತ್ತಲಿಲ್ಲ. ಕೆನ್ನೆಯನ್ನು ಪರದೆಗೆ ಒತ್ತಿ ಹಿಡಿದು ಕೂತಳು.

ಮೇ 18, ಭಾನುವಾರ

ಕೇಂದ್ರಕ್ಕೆ ಬರುವ ವಿಜಯಕುಮಾರ್ ಅಣ್ಣ ಮನೆಗೆ ಬಂದಿದ್ದರು. ಇಲ್ಲಿಯ ಹಳೆಯ ಚಿನ್ನದ ಗಣಿಯ ಬಡಾವಣೆ ಮೈಸೂರು ಮೈನ್ಸಿನವರು. ಅವರ ಹೆಂಡತಿ ಆಶಾರಾಣಿ ಅಕ್ಕನಿಗೆ ಸ್ಟ್ರೋಕ್ ಆಗಿ ಮಾತು ನಿಂತುಹೋಗಿದೆ. ಅವರ ಹಲಗೆಯ ಚಿತ್ರಗಳೂ ನಮ್ಮವುಗಳ ಜೊತೆಯಲ್ಲೇ ಹೋಗಿದ್ದವು. ದನಿ ಅಣ್ಣನದು, ತಮಿಳಿನಲ್ಲಿ. ಚಿತ್ರಕ್ಕೇನು, ಯಾವ ಭಾಷೆಯಾದರೂ ಲೋಟ ಲೋಟವೇ. ನಮ್ಮ ಜಾಗದಲ್ಲೇ ಅವರಿಗೂ ಒಂದು ಕೋಣೆ ಮಾಡಿಕೊಟ್ಟೆ. ಅಕ್ಕನ ಅಡುಗೆಮನೆಯ ಡಬ್ಬಿಗಳನ್ನು ಅಣ್ಣ ಒಂದೊಂದಾಗಿ ಫೋಟೊ ತೆಗೆದು ತಂದಿದ್ದರು. ಹಾಕುವುದನ್ನು ಅವರ ಕೈಯಿಂದಲೇ ಮಾಡಿಸಿದೆ. ಇಲ್ಲದಿದ್ದರೆ ನಾಳೆ ನಾನಿಲ್ಲದಾಗ ಏನು ಮಾಡುತ್ತಾರೆ?

ಮೇ 21, ಬುಧವಾರ

ಬೆಳಿಗ್ಗೆ ಅಣ್ಣನ ಫೋನು. ಏನಾಯಿತೋ ಎಂದು ಹೆದರಿ ಎತ್ತಿದೆ.

“ಅಮ್ಮಾ, ನೇತ್ತು... ನಿನ್ನೆ ಸಾಂಬಾರು ಇಟ್ಟೆ ಅಲ್ವಾ, ಇವಳು ಬಾಯಲ್ಲಿ ಹಾಕಿ ಹಲಗೆ ತಗೊಂಡ್ಳು. ಉಪ್ಪು ಒತ್ತಿದ್ಳು. ಆಮೇಲೆ ಬೇಡ ಒತ್ತಿದ್ಳು. ಆಮೇಲೆ ನನ್ನ ಫೋಟೊ ಒತ್ತಿದ್ಳು. ಸ್ಟ್ರೋಕ್ ಆದ್ಮೇಲೆ ಮೊದಲನೇ ಸಲ ಬೈದಿದ್ದಮ್ಮಾ ನನ್ನ.”

ಅವರು ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ.

ಫೋನಿಟ್ಟ ಮೇಲೆ ನೋಡುತ್ತೇನೆ, ನಾವು ನಂಬಿದ ಹೊಸ ಕಂಪನಿಯ ಸೇವೆ ನಿಂತಿದೆ ಎಂಬ ಸಂದೇಶ. ಓಡಿ ಹೋಗಿ ನೋಡಿದರೆ ಅನು ವರಾಂಡದಲ್ಲಿ ಕೂತು ಹಲಗೆ ಒತ್ತುತ್ತಿದ್ದಳು. ಎಲ್ಲ ಚಿತ್ರವೂ ಇತ್ತು. ಎರಡನೆಯ ಜಾಗದಿಂದ ಬರುತ್ತಿತ್ತು. ಅವಳಿಗೆ ಏನೂ ಗೊತ್ತೇ ಆಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಂಪನಿಯವರು ಸರಿಮಾಡಿ, ಏನಾಗಿತ್ತೆಂದು ವಿವರವಾಗಿ ಬರೆದರು. ಕ್ಷಮೆಯನ್ನೂ ಕೇಳಿದ್ದರು. ಪರವಾಗಿಲ್ಲ, ಮಗಳು ಮಾತಾಡುತ್ತಲೇ ಇದ್ದಳು ಎಂದು ಉತ್ತರ ಬರೆದೆ.

ಮೇ 26, ಸೋಮವಾರ

ನಿಧಾನವಾಗಿ ಬರೆಯುತ್ತೇನೆ, ಏನೂ ಬಿಟ್ಟುಹೋಗಬಾರದು.

ಮಂಜೇಶ್‌ಗೆ ರಜೆ ಸಿಗಲಿಲ್ಲ. ನಾನೇ ಅನುವನ್ನು ಕರೆದುಕೊಂಡು ಶಾಲೆಗೆ ಹೋದೆ. ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ಅವರು, ಇನ್ನಿಬ್ಬರು ಟೀಚರುಗಳು. ಅನು ಕುರ್ಚಿಯಲ್ಲಿ ಕೂತವಳು ಎರಡೂ ಕಿವಿ ಮುಚ್ಚಿಕೊಂಡಳು. ಹೆಸರೇನು ಪುಟ್ಟಿ ಎಂದು ಕೇಳಿದರು. ನಾನು ಹಲಗೆ ಮುಂದೆ ಹಿಡಿದೆ. ಅವಳು ತಲೆ ಅತ್ತಿತ್ತ ಬಡಿದುಕೊಂಡು, ಫೋನ್ ಕಿತ್ತು ನೆಲಕ್ಕೆ ಅಪ್ಪಳಿಸಿದಳು. ಗಾಜು ಚೂರಾಯಿತು, ಪರದೆ ಕಪ್ಪಾಯಿತು.

ಟೀಚರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥ ನೋಟವನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಅದಾದ ಮೇಲೆ ಎದ್ದು ಬರುವುದಷ್ಟೇ ಉಳಿಯುತ್ತಿತ್ತು. ಹೆಡ್‌ಮಿಸ್ಟ್ರೆಸ್, ಇನ್ನೊಂದು ದಿನ ಬರುತ್ತೀರಾ ಎಂದು ಮೆಲ್ಲಗೆ ಕೇಳಿದರು. ಆಗಲಿ ಎನ್ನಲು ಬಾಯಿ ತೆರೆದವಳು ಬೇರೇನೋ ಹೇಳಿದೆ.

“ಇವತ್ತೇ ನೋಡಿ ಮೇಡಂ. ಫೋನ್ ಒಡೆದಿದೆ ಅಷ್ಟೇ, ಅವಳ ಮಾತು ಅದರಲ್ಲಿಲ್ಲ. ನಿಮ್ಮ ಫೋನ್ ಕೊಡಿ.”

ಅವರು ಕೊಟ್ಟರು. ‘ಅನುಮಾತು’ ಎಂದು ವಿಳಾಸ ಬರೆದೆ, ಗುಟ್ಟಿನ ಪದ ಹಾಕಿದೆ. ಎರಡು ಸಲ ತಪ್ಪಿತು. ಶಾಲೆಯ ನೆಟ್ ಬೇರೆ ನಿಧಾನ. ಚೌಕಗಳು ಮೊದಲು ಬೂದಾಗಿಯೇ ಬಂದವು. ಆಮೇಲೆ ಲೋಟ ಬಂತು. ಮೊಸರು, ಉಪ್ಪಿನಕಾಯಿ, ಅಪ್ಪ, ಹೆಗಲ ಮೇಲೆ ಬಟ್ಟೆ ಹಾಕಿಕೊಂಡ ಅಜ್ಜಿ, ಒಂದಾದ ಮೇಲೊಂದು ಎಲ್ಲವೂ ತಮ್ಮ ತಮ್ಮ ಜಾಗದಲ್ಲೇ ಬಂದು ಕೂತವು. ನಾನು ಎಂದೂ ಕಾಣದ ಒಂದು ಫೋನಿನಲ್ಲಿ.

ಅನು ಕಿವಿಯಿಂದ ಒಂದು ಕೈ ತೆಗೆದು, ಪುಟ ಸರಿಸಿದಳು. ಕ್ಯಾಸಂಬಳ್ಳಿಯಲ್ಲಿ ಅವಳೇ ತೆಗೆದ ಆ ಮಸುಕಾದ ಫ್ಯಾನನ್ನು ಒತ್ತಿದಳು. ‘ಫ್ಯಾನು.’ ಆಮೇಲೆ ‘ಬೇಡ.’

ಎಲ್ಲರೂ ಮೇಲೆ ನೋಡಿದೆವು. ಫ್ಯಾನು ತಿರುಗುತ್ತಾ ಕಿರ್ ಕಿರ್ ಎನ್ನುತ್ತಿತ್ತು. ಅಲ್ಲಿಯವರೆಗೆ ನನ್ನ ಕಿವಿಗೆ ಅದು ಬಿದ್ದೇ ಇರಲಿಲ್ಲ. ಹೆಡ್‌ಮಿಸ್ಟ್ರೆಸ್ ಎದ್ದು ಸ್ವಿಚ್ ಆರಿಸಿದರು. ಅನು ಇನ್ನೊಂದು ಕೈಯನ್ನೂ ಇಳಿಸಿ, ನೆಟ್ಟಗೆ ಕೂತಳು. ಹೆಸರು ಕೇಳಿದರು, ತನ್ನ ಚಿತ್ರ ಒತ್ತಿದಳು. ಏನು ತಿಂದೆ ಎಂದರು, ಹೇಳಿದಳು. ಆಮೇಲೆ ಯಾರೂ ಕೇಳದೆಯೇ ‘ಮನೆ’ ಒತ್ತಿ ಎದ್ದು ನಿಂತಳು. ಅವರು ಜೋರಾಗಿ ನಕ್ಕುಬಿಟ್ಟರು.

“ಆ ಫ್ಯಾನು ನನಗೂ ತಲೆನೋವೇ. ಹೇಳೋರೇ ಇರಲಿಲ್ಲ” ಎಂದರು. ಜೂನ್ ಎರಡಕ್ಕೆ ಸಮವಸ್ತ್ರ ಹಾಕಿ ಕಳಿಸಿ ಎಂದರು.

ಶಾಲೆಯ ಗೇಟಿನ ಹೊರಗೆ ಮರದ ಕೆಳಗೆ ನಿಂತು ಅತ್ತೆ. ಅನು ನನ್ನ ಸೆರಗು ಎಳೆಯುತ್ತಿದ್ದಳು, ಮನೆಗೆ ಎಂದು ಹೇಳಿಯಾಗಿದೆಯಲ್ಲ, ಇನ್ನೇನು ನಿಂತಿದ್ದೀಯ ಎನ್ನುವ ಹಾಗೆ.

ಜೂನ್ 14, ಶನಿವಾರ

ಬರೆಯಲು ಹೊತ್ತೇ ಸಿಗುವುದಿಲ್ಲ. ಕೇಂದ್ರದಲ್ಲಿ ಇವತ್ತು ತಂದೆತಾಯಿಯರ ಸಭೆ. ಚಿತ್ರ ಎಲ್ಲಿಡಬೇಕು, ಯಾರನ್ನು ಏನು ಕೇಳಬೇಕು ಎಂದು ಹೇಳಲು ಸಹನ ಮೇಡಂ ಕರೆದಿದ್ದರು. ಹೇಳಿ ಬಂದೆ. ಬಿಟ್ಟಿ ಎಂದರೆ ಹಿಂದೆ ಮುಂದೆ ನೋಡಿ, ಇಮೇಲ್ ಓದಿ, ಒಂದೇ ಕಡೆ ಇಡಬೇಡಿ, ನಿಮ್ಮದೇ ವಿಳಾಸ ಇರಲಿ. ಒಬ್ಬರು ತಾಯಿ, ನೀವೇ ಒಂದು ಒಳ್ಳೆಯ ಜಾಗ ಹೇಳಿಬಿಡಿ ಮೇಡಂ, ಅಲ್ಲಿ ಇಡುತ್ತೇವೆ ಎಂದರು. ಹೆಸರು ಹೇಳುತ್ತೇನೆ, ಆದರೆ ಪ್ರಶ್ನೆ ನೀವೇ ಬರೆದು ಕೇಳಿ, ಜೊತೆಗಿರುತ್ತೇನೆ ಎಂದೆ. ಅವರ ಮುಖ ಸಪ್ಪಗಾಯಿತು. ಯಾಕೋ ಏನೋ.

ಬರುವಾಗ ಅನು ಬಂಗಾರಪೇಟೆಯ ಪಾನಿಪುರಿ ಅಂಗಡಿಯವನಿಗೆ ಹಲಗೆಯಲ್ಲಿ ತಾನೇ ಹೇಳಿ ಕೊಡಿಸಿಕೊಂಡಳು. ನಾನು ಪಕ್ಕಕ್ಕೆ ನಿಂತಿದ್ದೆ.

ಜುಲೈ 18, ಶುಕ್ರವಾರ

ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ಅನುವಿನ ವಿಷಯವಾಗಿ ಮಾತಾಡಬೇಕಿತ್ತು, ಬನ್ನಿ ಎಂದರು. ದಾರಿಯುದ್ದಕ್ಕೂ ಬೇಡದ್ದೆಲ್ಲ ತಲೆಗೆ ಬಂತು. ಯಾರನ್ನಾದರೂ ಕಚ್ಚಿದಳೇ, ತಲೆ ಚಚ್ಚಿಕೊಂಡಳೇ, ಕರೆದುಕೊಂಡು ಹೋಗಿ ಎನ್ನುತ್ತಾರೋ.

ಕ್ಲಾಸ್ ಟೀಚರ್ ನನ್ನನ್ನು ತರಗತಿಗೆ ಕರೆದುಕೊಂಡು ಹೋದರು. ಹಿಂದಿನ ಗೋಡೆಯ ತುಂಬ ಬಣ್ಣದ ಸೀಮೆಸುಣ್ಣದಲ್ಲಿ ಗೀಚಿತ್ತು, ಹೊಸದಾಗಿ ಸುಣ್ಣ ಬಳಿದ ಗೋಡೆ. ಅನುವಿನ ಅಂಗೈ, ಮೂಗು, ಲಂಗದ ಅಂಚು ಎಲ್ಲ ನೀಲಿ. ಟೀಚರ್ ಗಂಭೀರವಾಗಿಯೇ ಹೇಳಿದರು. ಇದನ್ನು ಯಾರು ಮಾಡಿದ್ದು ಎಂದು ಅನುವನ್ನು ಕೇಳಿದರಂತೆ. ಅವಳು ಹಲಗೆ ತೆಗೆದುಕೊಂಡು, ತನ್ನ ಪಕ್ಕದಲ್ಲಿ ಕೂರುವ ಹುಡುಗನ ಚಿತ್ರ ಒತ್ತಿದಳಂತೆ. ‘ಬಾಲಾಜಿ.’

“ಬಾಲಾಜಿ ಇವತ್ತು ಶಾಲೆಗೇ ಬಂದಿಲ್ಲ ಮೇಡಂ. ಜ್ವರ” ಎಂದರು.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅನು ಬೆಂಚಿನ ಮೇಲೆ ಕೂತು ಕಣ್ಣಂಚಿನಲ್ಲಿ ನನ್ನನ್ನೇ ನೋಡುತ್ತಿದ್ದಳು. ನೀರು, ಅನ್ನ, ಫ್ಯಾನು ಬೇಡ, ಇವೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಇದು ಇಲ್ಲದ್ದು. ತಾನೇ ಕಟ್ಟಿದ್ದು. ಯಾರೂ ಕಲಿಸದ್ದು. ನಗು ತಡೆಯಲು ಸೆರಗನ್ನು ಬಾಯಿಗಿಟ್ಟುಕೊಂಡೆ, ಆಗಲಿಲ್ಲ. ಟೀಚರ್ ನನ್ನನ್ನು ನೋಡಿದರು, ಗೋಡೆ ನೋಡಿದರು, ಆಮೇಲೆ ಅವರೂ ನಕ್ಕರು. ಇಬ್ಬರೂ ಗೋಡೆಗೆ ಒರಗಿ ನಕ್ಕೆವು, ಬೆನ್ನಿಗೆಲ್ಲ ನೀಲಿ ಹತ್ತಿಕೊಂಡಿತು.

ಸಂಜೆ ಮಂಜೇಶ್ ಬಂದ ಕೂಡಲೇ ಹೇಳಿದೆ, ರೀ, ನಿಮ್ಮ ಮಗಳು ಸುಳ್ಳು ಹೇಳಿದ್ದಾಳೆ. ಅವರು ಬೂಟು ಬಿಚ್ಚುವುದನ್ನು ಬಿಟ್ಟು ಪೂರ್ತಿ ಕೇಳಿದರು. ಹಾವೇರಿಗೆ ಫೋನ್ ಮಾಡಿ ಹೇಳಿದರು. ಕ್ಯಾಸಂಬಳ್ಳಿಗೂ ಮಾಡಿದರು. “ಎಷ್ಟ್ ಚೆಂದಾಗಿ ಏಳವ್ಳೆ ನೋಡು ಸುಳ್ಳ” ಎಂದು ಅಮ್ಮ ಅಲ್ಲಿಂದಲೇ ನೆಟಿಕೆ ಮುರಿದಳು.

ಹಾಗೆಂದು ಬಿಟ್ಟುಬಿಡಲಾಗುತ್ತದೆಯೇ? ತಪ್ಪು ತಪ್ಪೇ. ‘ತಪ್ಪಾಯ್ತು’ ಎಂಬುದಕ್ಕೆ ಹಲಗೆಯಲ್ಲಿ ಚೌಕವಿರಲಿಲ್ಲ. ಮಂಜೇಶ್ ಕಿವಿ ಹಿಡಿದುಕೊಂಡು ನಿಂತರು, ಫೋಟೊ ತೆಗೆದೆ. ಎರಡೂ ಕಡೆ ಹಾಕಿದೆ, ದನಿ ಸೇರಿಸಿದೆ. ಅನುವನ್ನು ಮುಂದೆ ಕೂರಿಸಿಕೊಂಡು, ಗೋಡೆಗೆ ಬರೆದದ್ದು ಯಾರು, ಈಗ ಸರಿಯಾಗಿ ಹೇಳು, ಆಮೇಲೆ ಇದನ್ನು ಒತ್ತು ಎಂದೆ.

ಅವಳು ಹೊಸ ಚಿತ್ರವನ್ನು ತುಂಬ ಹೊತ್ತು ನೋಡಿದಳು. ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು. ನೀಲಿ ಹೋಗದ ಬೆರಳನ್ನು ಎತ್ತಿ, ಪುಟ ಸರಿಸಿ, ಮೆಲ್ಲಗೆ ಒತ್ತಿದಳು.

‘ಬಾಲಾಜಿ.’